ನನ್ನ ದೇವರೇ ನಿಜ ಅಂದರೆ ನಿನ್ನ ದೇವರ ಗತಿ ಏನು?

ಎಲ್ಲರಿಗೂ ನಮಸ್ಕಾರ. ಕೊಪ್ಪಳದಿಂದ ಮಾತಾಡುತ್ತಿದ್ದೇನೆ.

ಹೋದ ವಾರ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಒಗ್ಗರಣೆ ಮಿರ್ಚಿ ತಿನ್ನುತ್ತಾ ಕೂತಿದ್ದೆವು. ಜೊತೆಗೆ ಡಿಗ್ರಿ ಓದುವ ಒಬ್ಬ ಹುಡುಗ ಇದ್ದ. ತಟ್ಟೆ ಖಾಲಿಯಾಗುವ ಹೊತ್ತಿಗೆ ಅವನು ಕೇಳಿದ: "ಸರ್, ನನ್ನ ಧರ್ಮ ಒಂದೇ ಖರೇ ಅಂತ ನಂಬಿದಾಂವ ಉಳಿದವರನ್ನ ಹೆಂಗ ತಾಳ್ಕೋತಾನ್ರೀ? ಜಗಳ ಅಲ್ಲಿಂದನ ಶುರುವಾಗೂದಲ್ರೀ?"

ಹೌದು ಅನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ನಮ್ಮ ಓಣಿಯ ಗೌಂಡಿ ಕಾಕಾ ನೆನಪಾದರು. ಸುಮ್ಮನಾದೆ. ಅವತ್ತು ಹೇಳದೇ ಉಳಿದದ್ದನ್ನು ಇವತ್ತು ಹೇಳುತ್ತೇನೆ.

ನಮ್ಮ ಕಡೆ ಮೊಹರಂ ಅಂದರೆ ಇಡೀ ಊರಿನ ಹಬ್ಬ. ಇದು ಈ ಸೀಮೆಯವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಮುಸ್ಲಿಮರ ಮನೆ ಒಂದೂ ಇಲ್ಲದ ಊರಲ್ಲೂ ಅಲಾಯಿ ದೇವರು, ಅಂದರೆ ಮೊಹರಂನ ಪಂಜಾಗಳು, ಕೂರುತ್ತವೆ. ಮುದಗಲ್ಲಿನ ಮೊಹರಂಗೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ನಮ್ಮದು ಲಿಂಗಾಯತರ ಮನೆ. ಆದರೂ ಅಪ್ಪ ಹರಕೆ ಹೊತ್ತು ಪ್ರತಿ ವರ್ಷ ಫಕೀರನಾಗುತ್ತಿದ್ದ. ಅವ್ವ ನನ್ನ ಕೈಗೆ ಸಕ್ಕರೆ, ಕೊಬ್ಬರಿ ಕೊಟ್ಟು "ಓದಿಸ್ಕೊಂಡು ಬಾ" ಎಂದು ಕಳಿಸುತ್ತಿದ್ದಳು. ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ ಹಲಗೆ ಬಡಿತ, ಹೆಜ್ಜೆ ಕುಣಿತ, ಕರ್ಬಲಾ ಕತೆಯ ರಿವಾಯತ್ ಪದ. ಕತ್ತಲ ರಾತ್ರಿಯ ಕೆಂಡದ ಬಿಸಿ ಈಗಲೂ ನನ್ನ ಮುಖಕ್ಕೆ ತಾಗಿದ ಹಾಗಾಗುತ್ತದೆ.

ಆ ಹಬ್ಬಕ್ಕೆ ಬರದೇ ಇದ್ದವರು ಓಣಿಯಲ್ಲಿ ಒಬ್ಬರೇ. ಗೌಂಡಿ ಕಾಕಾ. ಅವರು ಐದು ಹೊತ್ತಿನ ನಮಾಜು ಬಿಡದ ಮುಸ್ಲಿಮರು. ಒಮ್ಮೆ ಅಪ್ಪ ಕರೆದಾಗ ಅವರು ಹೇಳಿದ್ದು ನನಗೆ ನೆನಪಿದೆ: "ಅಲ್ಲಾ ಒಬ್ಬಾಂವನ, ಯಜಮಾನ್ರ. ಹಿಂಗ ದೇವರು ಎತ್ತಿ ಕುಣಿಯೂದು ನಮ್ಮ ದೀನಿನೊಳಗ ಇಲ್ಲ. ನನಗ ಇದು ತಪ್ಪು ಅನಸ್ತೈತಿ. ನಾ ಬರಂಗಿಲ್ಲ."

ತಪ್ಪು ಅಂದರು. ಮುಖಕ್ಕೇ ಅಂದರು. ಅಪ್ಪನೂ ವಾದ ಮಾಡಲಿಲ್ಲ, "ಆತು ಬಿಡು" ಅಂದ.

ಅದೇ ವರ್ಷ ಮಳೆಗೆ ಅಲಾಯಿ ಕುಣಿಯ ಅಂಚು ಕುಸಿದಿತ್ತು. ಹಬ್ಬಕ್ಕೆ ಇನ್ನೂ ಹದಿನೈದು ದಿನ ಇತ್ತು. ಕಾಕಾ ಕರಣೆ, ಇಟ್ಟಿಗೆ ತಂದು ಅಂಚು ಕಟ್ಟಿಕೊಟ್ಟರು. ಯಾಕೆ ಅಂತ ಯಾರೋ ಕೇಳಿದ್ದಕ್ಕೆ "ಹುಡುಗರು ಬೀಳ್ತಾವ" ಅಂದರು. ಕೂಲಿ ಕೊಟ್ಟರೆ ತೆಗೆದುಕೊಂಡರು. ಹಬ್ಬದ ದಿನ ಎಂದಿನ ಹಾಗೆ ಬರಲಿಲ್ಲ.

ಈಗ ಇನ್ನೊಬ್ಬರ ಕತೆ. ಸಭೆಗಳಲ್ಲಿ ತುಂಬಾ ಚೆನ್ನಾಗಿ ಮಾತಾಡುವ ಹಿರಿಯರು. ನದಿಗಳು ಬೇರೆ, ಸಮುದ್ರ ಒಂದೇ, ಎಲ್ಲ ಧರ್ಮದ ಸಾರ ಒಂದೇ ಎನ್ನುತ್ತಿದ್ದರು. ನಾನೂ ಕೂತು ಚಪ್ಪಾಳೆ ತಟ್ಟಿದ್ದೇನೆ. ನನ್ನ ಗೆಳೆಯನೊಬ್ಬನಿಗೆ ರೂಮು ಬೇಕಾಗಿತ್ತು. ಅವರ ಮನೆಯ ಮೇಲೆ ಖಾಲಿ ಇದೆ ಎಂದು ತಿಳಿದು ಇಬ್ಬರೂ ಹೋದೆವು. ಮಾತು ಚೆನ್ನಾಗಿಯೇ ನಡೆದಿತ್ತು. ಗೆಳೆಯ ಹೆಸರು ಹೇಳಿದ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ನಿನ್ನೆಯೇ ಬೇರೆಯವರಿಗೆ ಮಾತು ಕೊಟ್ಟಿದ್ದೇನೆ ಅಂದರು. ಹದಿನೈದು ದಿನವಾದರೂ ಬಾಡಿಗೆಗಿದೆ ಎಂಬ ಬೋರ್ಡು ಅಲ್ಲೇ ತೂಗುತ್ತಿತ್ತು. ನಾನು ಅವತ್ತು ಅವರನ್ನು ಏನೂ ಕೇಳದೆ ಎದ್ದು ಬಂದೆ. ಆ ನೋವು ಇನ್ನೂ ಹೋಗಿಲ್ಲ.

ಇವರಿಬ್ಬರಲ್ಲಿ ಯಾರನ್ನು ಸೈರಣೆಯವರು ಅನ್ನಬೇಕು ಹೇಳಿ.

ಸೈರಣೆ ಅನ್ನುವ ಪದವನ್ನು ಸುಮ್ಮನೆ ಬಳಸುತ್ತಿಲ್ಲ. ಒಂಬತ್ತನೇ ಶತಮಾನದ ಕವಿರಾಜಮಾರ್ಗ ಕೊಪ್ಪಳವನ್ನು 'ಮಹಾಕೊಪಣನಗರ' ಎಂದು ಹೆಸರು ಹಿಡಿದು ಹೊಗಳುತ್ತದೆ. ಅಚ್ಚಗನ್ನಡದ ಸೀಮೆಯಲ್ಲಿ ನಮ್ಮೂರೂ ಒಂದು. ಅದೇ ಗ್ರಂಥದಲ್ಲಿ ಈ ಮಾತಿದೆ: "ಕಸವರಮೆಂಬುದು ನೆರೆ ಸೈರಿಸಲಾರ್ಪೊಡೆ ಪರವಿಚಾರಮಂ ಪರಧರ್ಮಮುಮಂ." ಕಸವರ ಅಂದರೆ ಚಿನ್ನ. ಬೇರೆಯವರ ವಿಚಾರವನ್ನು, ಬೇರೆಯವರ ಧರ್ಮವನ್ನು ಸೈರಿಸಬಲ್ಲೆವಾದರೆ ಅದೇ ಚಿನ್ನ ಅಂತ. ನೋಡಿ, ಒಪ್ಪಿಕೋ ಎಂದು ಆ ಕವಿ ಹೇಳಲಿಲ್ಲ. ಎರಡೂ ಒಂದೇ ಎಂದೂ ಹೇಳಲಿಲ್ಲ. ಸೈರಿಸು ಅಂದ. ಒಪ್ಪಿದ್ದನ್ನು ಯಾರಾದರೂ ಸೈರಿಸಬೇಕಾ? ನನಗೆ ಸರಿ ಕಾಣದ್ದು ಎದುರಿಗೆ ನಿಂತಾಗಲೇ ಸೈರಣೆಯ ಕೆಲಸ ಶುರು. ಗೌಂಡಿ ಕಾಕಾಗೆ ಆ ಕೆಲಸ ಗೊತ್ತಿತ್ತು. ಎಲ್ಲ ಒಂದೇ ಅಂದ ಹಿರಿಯರು ಅದನ್ನು ಕಲಿತೇ ಇರಲಿಲ್ಲ.

ಹಾಗಾದರೆ ನನ್ನದೊಂದೇ ಸತ್ಯ ಎಂಬ ನಂಬಿಕೆಯಿಂದ ಅಪಾಯವೇ ಇಲ್ವಾ? ಇದೆ. ಅದನ್ನು ಮುಚ್ಚಿಟ್ಟು ಮಾತಾಡಿದರೆ ನಾನು ಸುಳ್ಳುಗಾರನಾಗುತ್ತೇನೆ. ಹಾವೇರಿ ಜಿಲ್ಲೆಯ ಅಬ್ಬಲೂರಿನಲ್ಲಿ ಸುಮಾರು 1200ರ ಕಾಲದ ಶಾಸನ ಇದೆ. ಏಕಾಂತದ ರಾಮಯ್ಯ ಎಂಬ ಶಿವಭಕ್ತ ಜೈನರ ಜೊತೆ ಪಂಥ ಕಟ್ಟಿದ ಕತೆ ಅದರಲ್ಲಿದೆ. ಶಿವನಿಗೆ ತಲೆ ಅರಿದು ಒಪ್ಪಿಸುತ್ತೇನೆ, ಅದು ಮತ್ತೆ ಕೂಡಿಕೊಂಡರೆ ನೀವು ಜಿನನನ್ನು ತೆಗೆದು ಶಿವನನ್ನು ಇಡಬೇಕು ಎಂಬ ಪಂಥ. ರಾಮಯ್ಯ ಗೆದ್ದ, ಜಿನನ ಮೂರ್ತಿಯನ್ನು ಒಡೆದ ಎಂದು ಶಾಸನ ಹೇಳುತ್ತದೆ. ನಾನು ಶಿವನನ್ನು ನಂಬುವ ಮನೆಯಲ್ಲಿ ಹುಟ್ಟಿದವನು. ಆ ಶಾಸನದ ಬಗ್ಗೆ ಓದಿದಾಗ ರಾಮಯ್ಯನ ಭಕ್ತಿಗೆ ಬೆರಗಾಗಿದ್ದೂ ನಿಜ, ಆ ಮೂರ್ತಿಗಾಗಿ ಸಂಕಟಪಟ್ಟಿದ್ದೂ ನಿಜ. ಅವನು ತನ್ನ ತಲೆಯನ್ನು ಪಣಕ್ಕಿಟ್ಟ, ಅದು ಅವನದ್ದೇ ತಲೆ. ಎದುರಿನವರ ದೇವರನ್ನೂ ಪಣಕ್ಕಿಡಿಸಿದ ನೋಡಿ, ನನ್ನ ಪ್ರಕಾರ ತಪ್ಪು ಅಲ್ಲಿ ಶುರುವಾಯಿತು.

ಇದರ ಪಕ್ಕದಲ್ಲಿ ಇನ್ನೊಂದು ಶಾಸನ ಇಡುತ್ತೇನೆ. 1368ರದು. ಶ್ರವಣಬೆಳಗೊಳದಲ್ಲಿದೆ, ಆದರೆ ತೀರ್ಪು ಕೊಟ್ಟವನು ನಮ್ಮ ಹಂಪಿಯ ದೊರೆ ಬುಕ್ಕರಾಯ. ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಬಂದಿತ್ತು. ಯಾವುದಕ್ಕೆ ಅಂದುಕೊಂಡಿರಿ? ಮೋಕ್ಷಕ್ಕೆ ದಾರಿ ಯಾವುದು ಅಂತಲ್ಲ. ಪಂಚಮಹಾವಾದ್ಯ ಯಾರು ಬಾರಿಸಬೇಕು, ಕಲಶ ಯಾರಿಗೆ ಸಲ್ಲಬೇಕು ಅಂತ. ಓದಿದಾಗ ನನಗೆ ನಮ್ಮ ಊರುಗಳ ಮೆರವಣಿಗೆ ಕಣ್ಣ ಮುಂದೆ ಬಂತು. ಡಿಜೆ ಯಾವ ರಸ್ತೆಯಲ್ಲಿ ಹೋಗಬೇಕು, ಯಾರ ಗುಡಿ ಮುಂದೆ, ಯಾರ ಮಸೀದಿ ಮುಂದೆ ಸೌಂಡು ಇಳಿಸಬೇಕು, ಬಾವುಟ ಯಾವ ಕಂಬಕ್ಕೆ ಕಟ್ಟಬೇಕು. ಆರೂವರೆ ನೂರು ವರ್ಷ ಕಳೆದರೂ ಜಗಳ ಅದೇ.

ಬುಕ್ಕರಾಯ ಏನು ಮಾಡಿದ? ಯಾರ ಸಿದ್ಧಾಂತ ಸರಿ ಎಂದು ಪಂಡಿತರನ್ನು ಕೂರಿಸಿ ಚರ್ಚೆ ಮಾಡಿಸಿ ಗೆದ್ದವರಿಗೆ ವಾದ್ಯ ಕೊಡಲಿಲ್ಲ. ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟ. ಜೈನರಿಗೆ ವಾದ್ಯವೂ ಕಲಶವೂ ಹಿಂದಿನಂತೆಯೇ ಸಲ್ಲಬೇಕು ಅಂದ. ಜೈನರಿಗೆ ಹಾನಿಯಾದರೆ ಅದು ತಮಗೇ ಆದ ಹಾನಿ ಎಂದು ವೈಷ್ಣವರು ತಿಳಿಯಬೇಕು ಅಂದ. ನನಗೆ ತುಂಬಾ ಇಷ್ಟವಾದದ್ದು ಮುಂದಿನದು. ಜೈನರ ಮನೆಮನೆಯಿಂದ ವರ್ಷಕ್ಕೊಂದು ಹಣದಂತೆ (ಹಣ ಅಂದರೆ ಆಗಿನ ಒಂದು ನಾಣ್ಯ) ಕೂಡಿಸಿ, ಬೆಳಗೊಳದ ದೇವರಿಗೆ ಇಪ್ಪತ್ತು ಜನ ಕಾವಲಿನವರನ್ನು ಇಡಬೇಕು, ಉಳಿದ ಹಣದಲ್ಲಿ ಪಾಳುಬಿದ್ದ ಬಸದಿಗಳಿಗೆ ಸುಣ್ಣ ಬಳಿಸಿ ಸರಿ ಮಾಡಿಸಬೇಕು. ಈ ಹೊಣೆ ಯಾರ ಮೇಲೆ? ತಿರುಮಲೆಯ ತಾತಯ್ಯ ಎಂಬ ವೈಷ್ಣವರ ಮೇಲೆ. ವಿಷ್ಣುವೇ ಪರದೈವ ಎಂದು ನಂಬಿದವರು ಜಿನನ ಗುಡಿಗೆ ಸುಣ್ಣ ಬಳಿಸಬೇಕಾಯಿತು. ಅದಕ್ಕಾಗಿ ಅವರು ತಮ್ಮ ನಂಬಿಕೆಯನ್ನು ಒಂದಿಷ್ಟೂ ಬಿಡಬೇಕಾಗಲಿಲ್ಲ.

ಹುಡುಗ ಕೇಳಿದ ಪ್ರಶ್ನೆಗೆ ಇನ್ನೊಂದು ಅಡ್ಡಿ ಇದೆ. ಒಂದೇ ಸತ್ಯ ಎಂಬ ಹಟ ಅಷ್ಟಾಗಿ ಇಲ್ಲ ಎಂದು ನಾವೆಲ್ಲ ಅಂದುಕೊಳ್ಳುವ ಧರ್ಮಗಳ ಜನವೂ ಕೈ ಎತ್ತಿದ್ದಾರೆ. ಬೌದ್ಧರೇ ಹೆಚ್ಚಿರುವ ಮ್ಯಾನ್ಮಾರಿನಿಂದ 2017ರ ಆಗಸ್ಟ್ ನಂತರ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾ ಮುಸ್ಲಿಮರು ಬಾಂಗ್ಲಾದೇಶಕ್ಕೆ ಓಡಿಹೋಗಬೇಕಾಯಿತು. ಇನ್ನೊಂದು ಕಡೆ, 1636ರಲ್ಲಿ ಅಮೆರಿಕದಲ್ಲಿ ಪ್ರಾವಿಡೆನ್ಸ್ ಎಂಬ ಊರು ಕಟ್ಟಿದ ರೋಜರ್ ವಿಲಿಯಮ್ಸ್ ಮಹಾ ಕಟ್ಟುನಿಟ್ಟಿನ ಕ್ರೈಸ್ತ. ಉಳಿದವರ ನಂಬಿಕೆ ತಪ್ಪು ಎಂದು ಬರೆದವನು, ವಾದಕ್ಕೆ ಇಳಿದವನು. ಆದರೆ ಯಾರ ಮನಸ್ಸಿನ ಮೇಲೂ ಸರಕಾರ ಬಲವಂತ ಮಾಡಬಾರದು ಎಂದು ಹಟ ಹಿಡಿದವನೂ ಅವನೇ. ಬಲವಂತದಿಂದ ಬಂದ ಪ್ರಾರ್ಥನೆ ದೇವರಿಗೆ ಅವಮಾನ ಎಂದು ನಂಬಿದ್ದ.

ನಮ್ಮ ಕಡೆಯ ಬಂಡೆಗಳ ಮೇಲೂ ಇಂಥ ಒಬ್ಬನಿದ್ದಾನೆ. ಅಶೋಕ. ಕೊಪ್ಪಳದಲ್ಲೇ ಅವನ ಎರಡು ಶಾಸನ ಇವೆ, ಗವಿಮಠದ ಗುಡ್ಡದಲ್ಲಿ ಒಂದು, ಪಾಲ್ಕಿಗುಂಡಿನಲ್ಲಿ ಒಂದು. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಇನ್ನೊಂದನ್ನು ಕಂಡ. ಅದರಲ್ಲಿ ದೊರೆಯ ಹೆಸರೂ ಇದೆ, ತಾನು ಬುದ್ಧನ ಕಡೆಯವನು ಎಂಬ ಮಾತೂ ಇದೆ. ಮುಚ್ಚುಮರೆ ಇಲ್ಲ. ಅದೇ ದೊರೆಯ ಹನ್ನೆರಡನೇ ಶಾಸನ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಸಿಕ್ಕಿತು. 1986ರಲ್ಲಿ ಕಾಳಿ ಗುಡಿಯ ಚಾವಣಿ ಕುಸಿದಾಗ, ದೇವಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಕ್ಷರ ಕಂಡವು. ಬೌದ್ಧ ದೊರೆಯ ಮಾತನ್ನು ದೇವಿ ಅಷ್ಟು ವರ್ಷ ಕಾಯ್ದಿದ್ದಳು ಎಂದು ನನಗೆ ಅನ್ನಿಸುತ್ತದೆ. ಆ ಶಾಸನದ ಮಾತು ಇದು: ತನ್ನ ಪಂಥದ ಮೇಲಿನ ಭಕ್ತಿಯಿಂದ ಅದನ್ನು ಹೊಗಳಿ ಬೇರೆಯವರದನ್ನು ಹಳಿಯುವವನು ತನ್ನ ಪಂಥಕ್ಕೇ ಜಾಸ್ತಿ ಹಾನಿ ಮಾಡುತ್ತಾನೆ. ಅದಕ್ಕೆ ಅವನು ಹೇಳುವ ಮದ್ದು ನಾಲಿಗೆಯ ಮೇಲಿನ ಹಿಡಿತ.

ಅವನು ನಂಬಿಕೆ ಬಿಡು ಅನ್ನಲಿಲ್ಲ, ನಾಲಿಗೆ ಹಿಡಿ ಅಂದ. ನನಗೆ ಸರಿ ಅನ್ನಿಸುವುದು ಇದು. ನಿನ್ನದೇ ಸತ್ಯ ಅಂತ ನಂಬು. ಎದುರಿನವನಿಗೆ ಬಿಡಿಸಿ ಹೇಳು, ವಾದ ಮಾಡು. ಅವನು ಬೇಡ ಅಂದ ಮೇಲೂ ಅವನ ರೂಮು, ಅವನ ರಸ್ತೆ, ಅವನ ವಾದ್ಯ, ಅವನ ಅಂಗಡಿ ವ್ಯಾಪಾರ ಎಲ್ಲ ಹಾಗೇ ಇರಬೇಕು. ಇವುಗಳಿಗೆ ಕೈ ಹಾಕುವವನು ನಾನು ಧರ್ಮಕ್ಕಾಗಿ ಮಾಡಿದೆ ಅಂದರೆ ನಾನು ನಂಬುವುದಿಲ್ಲ. ಅವನ ಮನಸ್ಸಲ್ಲಿರುವುದು ಹೆಚ್ಚಾಗಿ ಅಂಜಿಕೆ, ಇಲ್ಲವೇ ಮುಂದಿನ ಚುನಾವಣೆ.

ಅಪ್ಪ ತೀರಿಕೊಂಡಾಗ ಗೌಂಡಿ ಕಾಕಾಗೆ ಎಪ್ಪತ್ತು ದಾಟಿತ್ತು. ಆದರೂ ಮಣ್ಣಿಗೆ ಬಂದರು. ನಾವೂ ಹೂಳುವವರು, ಅವರೂ ಹೂಳುವವರು. ಅಯ್ಯನವರು ಮಂತ್ರ ಹೇಳಿ ವಿಭೂತಿ ಇಡುವಾಗ ದೂರದ ಬೇವಿನ ಮರದ ಕೆಳಗೆ ನಿಂತಿದ್ದರು. ಅದು ಅವರದ್ದಲ್ಲ, ಅದಕ್ಕೆ ಸೇರಲಿಲ್ಲ. ಎಲ್ಲ ಮುಗಿದ ಮೇಲೆ ಹತ್ತಿರ ಬಂದು, ಬಗ್ಗಿ, ಮೂರು ಹಿಡಿ ಮಣ್ಣು ಹಾಕಿದರು. ಬಾಯಲ್ಲಿ ಏನೋ ಹೇಳಿಕೊಂಡರು, ನನಗೆ ಕೇಳಿಸಲಿಲ್ಲ. ಆಮೇಲೆ ಗುದ್ದಲಿ ಹಿಡಿದಿದ್ದ ಹುಡುಗನಿಗೆ "ಈ ಕಡಿ ಮಣ್ಣು ಸಡಲೈತಿ, ಮಳಿಗೆ ಕುಸೀತೈತಿ, ಗಟ್ಟಿ ಬಡಿ" ಅಂದರು. ಅವನು ಬಡಿದದ್ದು ಸಾಲದು ಎಂದು ತಾವೇ ಗುದ್ದಲಿ ಇಸಿದುಕೊಂಡರು.