ಹಾನ್ಸ್ ಹೆರ್ಮಾನ್: ಆಯಸ್ಸು ಗಟ್ಟಿ ಎಂದರೆ ಸಾಕೇ?

ಎಲ್ಲರಿಗೂ ನಮಸ್ಕಾರ. ಇವತ್ತು ಮೂವರು ಜರ್ಮನ್ ಕಾರ್ ರೇಸ್ ಚಾಲಕರ ಬಗ್ಗೆ ಮಾತನಾಡಬೇಕೆಂದು ಟಿಪ್ಪಣಿ ಬರೆದುಕೊಂಡು ಬಂದಿದ್ದೆ: ಹಾನ್ಸ್ ಹೆರ್ಮಾನ್, ಹಾನ್ಸ್ ಯೋಆಕಿಮ್ ಸ್ಟುಕ್, ಸ್ಟೆಫಾನ್ ಬೆಲೋಫ್. ಆದರೆ ನನಗಿಂತ ಮೊದಲು ಮಾತನಾಡಿದವರು ಹೆರ್ಮಾನ್ ಹೆಸರೆತ್ತಿ, "ಆತನ ಆಯಸ್ಸು ಗಟ್ಟಿಯಿತ್ತು, ಅಷ್ಟೇ" ಎಂದು ಮುಗಿಸಿಬಿಟ್ಟರು. ಕುರ್ಚಿಯಲ್ಲಿ ಕುಳಿತಲ್ಲೇ ನನ್ನ ಟಿಪ್ಪಣಿಯ ಅರ್ಧ ಹರಿದು ಹೋಯಿತು.

ಜರ್ಮನರೂ ಅವರನ್ನು ಹಾಗೆಯೇ ಕರೆದರು: 'ಹಾನ್ಸ್ ಇಮ್ ಗ್ಲುಕ್', ಅದೃಷ್ಟದ ಹಾನ್ಸ್. ಅದು ಅಲ್ಲಿನ ಜನಪದ ಕಥೆಯೊಂದರ ನಾಯಕನ ಹೆಸರು. ಅವನು ಚಿನ್ನದ ಗಟ್ಟಿ ಕೊಟ್ಟು ಕುದುರೆ ತೆಗೆದುಕೊಳ್ಳುತ್ತಾನೆ, ಕುದುರೆ ಕೊಟ್ಟು ಹಸು, ಹಸು ಕೊಟ್ಟು ಹಂದಿ. ಕೊನೆಗೆ ಬರಿಗೈಯಲ್ಲಿ, ಕುಣಿಯುತ್ತ ಮನೆಗೆ ಹೋಗುತ್ತಾನೆ. ಶುದ್ಧ ಪೆದ್ದ! ಇಪ್ಪತ್ತು ವರ್ಷದ ಹತ್ತಿರ ಸ್ಟಿಯರಿಂಗ್ ಹಿಡಿದವರಿಗೆ ಇದು ಹೊಗಳಿಕೆಯೋ ಬೈಗುಳವೋ, ನೀವೇ ಹೇಳಿ.

1928ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಹುಟ್ಟಿದವರು. ಕಲಿತದ್ದು ಕೇಕು, ಸಿಹಿತಿಂಡಿ ಮಾಡುವ ಕೆಲಸ. ನಗಬೇಡಿ. ಒಲೆಯ ಮುಂದೆ ನಿಂತವರಿಗೆ ಯಾವಾಗ ಇಳಿಸಬೇಕೆಂಬುದು ಗೊತ್ತಿರುತ್ತದೆ. ಈ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲು ರೈಲ್ವೆ ಗೇಟಿನ ಪ್ರಸಂಗ. ನಿಮ್ಮಲ್ಲಿ ಅರ್ಧ ಜನರಿಗೆ ಗೊತ್ತಿದೆ, ಆದರೂ ಹೇಳದೆ ಬಿಡುವುದಿಲ್ಲ. 1954ರ ಮಿಲ್ಲೆ ಮಿಲಿಯಾ ಓಟ. ಇಟಲಿಯ ಬ್ರೆಶಿಯಾದಿಂದ ರೋಮ್‌ಗೆ ಹೋಗಿ ಮರಳಿ ಬರಬೇಕು, ಸುಮಾರು 1,600 ಕಿಲೋಮೀಟರ್, ಅದೂ ಊರು ಕೇರಿಗಳ ನಡುವಿನ ಮಾಮೂಲಿ ರಸ್ತೆಯಲ್ಲಿ. ಹೆರ್ಮಾನ್ ಪೋರ್ಷೆ 550 ಓಡಿಸುತ್ತಿದ್ದಾರೆ, ಪಕ್ಕದಲ್ಲಿ ಹರ್ಬರ್ಟ್ ಲಿಂಗೆ. ತೆರೆದ ಕಾರು, ಪಕ್ಕದಲ್ಲಿ ನಿಂತರೆ ಸೊಂಟಕ್ಕೂ ಬಾರದು. ಮುಂದೆ ನೋಡಿದರೆ ಗೇಟಿನ ಅಡ್ಡಕಂಬ ಇಳಿಯುತ್ತಿದೆ, ರೈಲು ಬರುತ್ತಿದೆ. ಬ್ರೇಕ್ ಒತ್ತಿದರೆ ಕಾರು ಎಲ್ಲಿ ನಿಲ್ಲುತ್ತದೆ? ಹಳಿಯ ಮೇಲೆ. ಹೆರ್ಮಾನ್ ಲಿಂಗೆಯ ಹೆಲ್ಮೆಟ್ ಮೇಲೆ ಒಂದು ಏಟು ಕೊಟ್ಟರು. ಇಬ್ಬರೂ ತಲೆ ತಗ್ಗಿಸಿದರು. ಈ ಕಡೆಯ ಕಂಬದ ಕೆಳಗೆ ನುಗ್ಗಿದ ಕಾರು ಆ ಕಡೆಯ ಕಂಬದ ಕೆಳಗಿನಿಂದ ಹೊರಬಂತು. ಹಿಂದೆ ರೈಲು ಹೋಯಿತು.

(ಸ್ಕೂಟರ್ ಬಾಗಿಸಿ ಗೇಟು ದಾಟುವ ಮಹನೀಯರು ಸಭೆಯಲ್ಲಿದ್ದರೆ, ಇದನ್ನು ನಿಮಗೆ ಸಿಕ್ಕ ಬೆಂಬಲವೆಂದು ದಯವಿಟ್ಟು ತಿಳಿಯಬೇಡಿ.)

ಇದನ್ನು ಅದೃಷ್ಟ ಎನ್ನುತ್ತಾರೆ. ರೈಲು ಎರಡು ಕ್ಷಣ ಮೊದಲೇ ಬರಲಿಲ್ಲ, ಅದು ಅದೃಷ್ಟ, ಒಪ್ಪಿದೆ. ಆದರೆ ಬ್ರೇಕ್ ಒತ್ತಬಾರದೆಂದು ಆ ಗಳಿಗೆಯಲ್ಲಿ ತೀರ್ಮಾನಿಸಿದ್ದು, ಪಕ್ಕದವರನ್ನೂ ಬಗ್ಗಿಸಬೇಕೆಂದು ನೆನಪಿಟ್ಟದ್ದು? ಅಷ್ಟಾದ ಮೇಲೂ ಅವರು ಒಟ್ಟಾರೆ ಆರನೆಯವರಾಗಿ ಓಟ ಮುಗಿಸಿ, ತಮ್ಮ ಎಂಜಿನ್ ಗಾತ್ರದ ವರ್ಗವನ್ನು ಗೆದ್ದರು. ಆಯಸ್ಸು ಗಟ್ಟಿಯಿದ್ದ ಮಾತ್ರಕ್ಕೆ ಯಾರೂ ವರ್ಗ ಗೆಲ್ಲುವುದಿಲ್ಲ.

1959ರಲ್ಲಿ ಬರ್ಲಿನ್ನಿನ ಆವುಸ್ ರೇಸ್ ಟ್ರ್ಯಾಕಿನಲ್ಲಿ ನಡೆದ ವಿಷಯದಲ್ಲಿ ಮಾತ್ರ ನಾನು ಸೋಲೊಪ್ಪುತ್ತೇನೆ. ಬಿಆರ್‌ಎಂ ಎಂಬ ಬ್ರಿಟಿಷ್ ರೇಸ್ ಕಾರಿನ ಬ್ರೇಕ್ ಕೈಕೊಟ್ಟಿತು, ಕಾರು ಹುಲ್ಲಿನ ಪಿಂಡಿಗಳಿಗೆ ಬಡಿದು ಗಾಳಿಯಲ್ಲಿ ಪಲ್ಟಿ ಹೊಡೆಯಿತು. ಹೊರಗೆ ಎಸೆಯಲ್ಪಟ್ಟ ಹೆರ್ಮಾನ್ ರಸ್ತೆಯ ಮೇಲೆ ಜಾರುತ್ತಿರುವ ಚಿತ್ರವನ್ನು ನೀವೂ ನೋಡಿದ್ದೀರಿ. ಹಿಂದಿನ ದಿನ ಅದೇ ಆವುಸ್‌ನಲ್ಲಿ ಫ್ರೆಂಚ್ ಚಾಲಕ ಜೀನ್ ಬೆಹ್ರಾ ತೀರಿಕೊಂಡಿದ್ದರು. ಇಲ್ಲಿ ಆಯಸ್ಸು ಗಟ್ಟಿ ಎನ್ನದೆ ವಿಧಿಯಿಲ್ಲ.

ಆದರೆ 1960ರಲ್ಲಿ ಅಮೆರಿಕದ ಸೆಬ್ರಿಂಗ್ 12 ಗಂಟೆಯ ಓಟ ಮತ್ತು ಸಿಸಿಲಿಯ ಟಾರ್ಗಾ ಫ್ಲೋರಿಯೊ ಓಟ, 1968ರಲ್ಲಿ ಅಮೆರಿಕದ ಡೇಟೋನಾ 24 ಗಂಟೆಯ ಓಟ ಮತ್ತು ಮತ್ತೆ ಸೆಬ್ರಿಂಗ್... ಇಷ್ಟೆಲ್ಲ ಗೆದ್ದದ್ದು ಪಲ್ಟಿ ಹೊಡೆದಲ್ಲವಲ್ಲ!

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಫ್ರಾನ್ಸಿನ 24 ಗಂಟೆಯ ಓಟ ಲೆ ಮಾನ್‌ಗೆ ಬರುತ್ತೇನೆ. 1969ರಲ್ಲಿ 41 ವರ್ಷದ ಹೆರ್ಮಾನ್ ಪೋರ್ಷೆ 908ರಲ್ಲಿ, 24 ವರ್ಷದ ಜಾಕಿ ಇಕ್ಸ್ ಫೋರ್ಡ್ ಜಿಟಿ40ಯಲ್ಲಿ. ಕೊನೆಯ ಹೊತ್ತಿನಲ್ಲಿ ಒಬ್ಬರನ್ನೊಬ್ಬರು ಹಿಂದಿಕ್ಕುತ್ತಲೇ ಇದ್ದರು. ಸುಮಾರು 5,000 ಕಿಲೋಮೀಟರ್ ಓಡಿದ ಮೇಲೆ ಹೆರ್ಮಾನ್ ಸೋತದ್ದು ಸುಮಾರು 120 ಮೀಟರ್ ಅಂತರದಿಂದ. ಎಲ್ಲಿ ಹೋಗಿತ್ತು ಸ್ವಾಮಿ, ಅದೃಷ್ಟ?

ಅದೇ ಬೇಸಿಗೆಯಲ್ಲಿ ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್ ಟ್ರ್ಯಾಕಿನ ಅಭ್ಯಾಸದಲ್ಲಿ ಜೊತೆಗಾರ ಗೆರ್ಹಾರ್ಡ್ ಮಿಟ್ಟರ್ ಸತ್ತರು. 1970ರ ಲೆ ಮಾನ್‌ಗೆ ಹೊರಡುವ ಮುಂಚೆ ಹೆರ್ಮಾನ್ ಹೆಂಡತಿಗೆ ಒಂದು ಮಾತು ಕೊಟ್ಟರು: ಗೆದ್ದರೆ ಬಿಟ್ಟುಬಿಡುತ್ತೇನೆ. ಕೆಂಪು ಬಿಳಿ ಬಣ್ಣದ ಪೋರ್ಷೆ 917, ಸಂಖ್ಯೆ 23, ಜೊತೆಗೆ ಇಂಗ್ಲೆಂಡಿನ ರಿಚರ್ಡ್ ಆಟ್‌ವುಡ್. ಧಾರಾಕಾರ ಮಳೆ. ಮುಂದೆ ಹಾರಿದವರೆಲ್ಲ ಒಬ್ಬೊಬ್ಬರಾಗಿ ಕೆಟ್ಟು ನಿಂತರು. ಇವರು ಹದ ತಪ್ಪದೆ 343 ಸುತ್ತು ಮುಗಿಸಿ, ಪೋರ್ಷೆಗೆ ಲೆ ಮಾನ್‌ನ ಮೊದಲ ಪೂರ್ಣ ಗೆಲುವು ತಂದರು. ಕೊನೆಗೆ ಫಲಿತಾಂಶದ ಪಟ್ಟಿಯಲ್ಲಿ ಸ್ಥಾನ ಪಡೆದದ್ದು ಏಳೇ ಕಾರು. ಇನ್ನೊಂದು ತಮಾಷೆ: ಆಟ್‌ವುಡ್ ಅವರಿಗೆ ಮಂಗನಬಾವು ಆಗಿತ್ತು, ತಿಳಿದದ್ದು ಓಟ ಮುಗಿದ ಮೇಲೆ.

ಹೆರ್ಮಾನ್ ಆಗ 42ರವರು. ತಂಡದ ಜೊತೆಗಿನ ಒಪ್ಪಂದ ಬಿಡಿಸಿಕೊಂಡು ನಿಲ್ಲಿಸಿಯೇಬಿಟ್ಟರು. ಒಲೆಯಿಂದ ಇಳಿಸುವುದು ಎಂದೆನಲ್ಲ, ಇದೇ ಅದು. ಗೆದ್ದ ಮರುದಿನ ಬಿಡುವುದು ಎಷ್ಟು ಕಷ್ಟವೆಂದು ಈ ಸಭೆಯಲ್ಲಿ ವಿವರಿಸಬೇಕಿಲ್ಲ.

ಚೀಟಿ ಬಂತು. ಎರಡು ನಿಮಿಷವಂತೆ. ಹಾನ್ಸ್ ಯೋಆಕಿಮ್ ಸ್ಟುಕ್: 1986, 1987, ಎರಡು ಲೆ ಮಾನ್ ಗೆಲುವು, ಕ್ಷಮಿಸಿ, ಇಷ್ಟೇ. ಬೆಲೋಫ್: 1983ರಲ್ಲಿ ನ್ಯೂರ್‌ಬರ್ಗ್‌ರಿಂಗ್ ಸುತ್ತಿದ್ದು 6 ನಿಮಿಷ 11.13 ಸೆಕೆಂಡಿನಲ್ಲಿ. ಆ ದಾಖಲೆ 35 ವರ್ಷ ಉಳಿಯಿತು. 1984ರ ಸ್ಪೋರ್ಟ್ಸ್ ಕಾರ್ ವಿಶ್ವ ಚಾಂಪಿಯನ್. ಮರುವರ್ಷ ಬೆಲ್ಜಿಯಂನ ಸ್ಪಾ ಟ್ರ್ಯಾಕಿನ ಓ ರೂಜ್ ತಿರುವಿನಲ್ಲಿ, ಇನ್ನೊಂದು ಪೋರ್ಷೆಯನ್ನು ಹಿಂದಿಕ್ಕಲು ಹೋಗಿ, 27ನೇ ವಯಸ್ಸಿನಲ್ಲಿ ಹೋಗಿಬಿಟ್ಟರು. ಆ ಇನ್ನೊಂದು ಕಾರಿನಲ್ಲಿ ಇದ್ದವರು ಅದೇ ಜಾಕಿ ಇಕ್ಸ್. ಬೆಲೋಫ್ ಬಗ್ಗೆ ಒಂದು ಸಂಜೆಯೇ ಬೇಕು. ಸಂಘಟಕರು ಕರೆದರೆ ಬರುತ್ತೇನೆ. ನಮಸ್ಕಾರ.