ಮೈಸೂರಿನ ಗಾರೆ ಕಟ್ಟಡಗಳು: ಕುಸಿತ ಶುರುವಾಗುವುದು ತಾರಸಿಯಲ್ಲಿ

ಸ್ನೇಹಿತರೆ, ಮೈಸೂರಿನ ಕಟ್ಟಡಗಳೆಂದರೆ ಮೊದಲು ಬರುವುದು ಅರಮನೆಯ ಮಾತು. 1897ರಲ್ಲಿ ಮರದ ಅರಮನೆ ಸುಟ್ಟುಹೋದ ಮೇಲೆ ಹೆನ್ರಿ ಇರ್ವಿನ್ ವಿನ್ಯಾಸದಲ್ಲಿ ಹೊಸದು ಎದ್ದು 1912ರಲ್ಲಿ ಮುಗಿಯಿತು. ಕಲ್ಯಾಣಮಂಟಪದ ಎರಕದ ಕಂಬಗಳು ಗ್ಲಾಸ್ಗೋದಿಂದ ಬಂದವು. ಆಮೇಲೆ 1921ರಲ್ಲಿ ಲಲಿತಮಹಲ್. ಇವೆರಡನ್ನೂ ನೋಡಿಕೊಳ್ಳುವವರಿದ್ದಾರೆ. ನನ್ನ ಚಿಂತೆಯೆಲ್ಲ ಪೇಟೆಯ ಕಟ್ಟಡಗಳದ್ದು. ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ವರು ಸತ್ತರು. ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರ ಆಗಸ್ಟ್‌ನಲ್ಲಿ ಬಿತ್ತು. ಎರಡೂ ಮಳೆಗಾಲದಲ್ಲೇ.

ಆ ಕಾಲದ ಕಟ್ಟಡಗಳಲ್ಲಿ ಸಾಮಾನ್ಯವಾಗಿ ಕಾಣುವುದು ಮದ್ರಾಸ್ ತಾರಸಿ. ಗೋಡೆಯಿಂದ ಗೋಡೆಗೆ ಮರದ ತೊಲೆ, ಅದರ ಮೇಲೆ ಒಂದೂವರೆ ಅಡಿಗೊಂದರಂತೆ ಜಂತೆ. ಜಂತೆಗಳ ಮೇಲೆ ತೆಳು ಇಟ್ಟಿಗೆಯನ್ನು ಓರೆಯಾಗಿ, ಅಂಚಿನ ಮೇಲೆ ನಿಲ್ಲಿಸಿ ಗಾರೆಯಲ್ಲಿ ಕೂರಿಸುತ್ತಾರೆ. ಅದರ ಮೇಲೆ ಮೂರು–ನಾಲ್ಕು ಇಂಚು ಇಟ್ಟಿಗೆ ಚೂರಿನ ಸುಣ್ಣದ ಕಾಂಕ್ರೀಟ್. ಮರದ ಕೊಡತಿಯಿಂದ ದಿನಗಟ್ಟಲೆ ಬಡಿದು, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಚಿಮುಕಿಸಿ ಗಟ್ಟಿಮಾಡುತ್ತಾರೆ. ಬಡಿಯುವುದು ಕಡಿಮೆಯಾದರೆ ಒಳಗೆ ಪೊಳ್ಳು ಉಳಿದು ನೀರು ಹಾದಿ ಕಂಡುಕೊಳ್ಳುತ್ತದೆ.

ಕೆಡುವುದು ಹೀಗೆ: ನೀರು ಹೊರಹೋಗುವ ತೂಬು ಎಲೆ-ಕಸದಿಂದ ಕಟ್ಟಿಕೊಳ್ಳುತ್ತದೆ, ಕೈಪಿಡಿ ಗೋಡೆಯ ಬುಡದಲ್ಲಿ ನೀರು ನಿಲ್ಲುತ್ತದೆ. ಅಲ್ಲಿಂದ ಇಳಿದ ತೇವ ಗೋಡೆಯೊಳಗೆ ಹುದುಗಿರುವ ತೊಲೆಯ ತುದಿಯನ್ನು ಕೊಳೆಸುತ್ತದೆ. ಕೋಣೆಯೊಳಗೆ ಕಾಣುವ ಮರ ಚೆನ್ನಾಗಿಯೇ ಇರುತ್ತದೆ, ಅದೇ ಅಪಾಯ. ಗೋಡೆ ಸೇರುವ ಜಾಗದಲ್ಲಿ ಮೊನೆಯಿಂದ ಚುಚ್ಚಿ ನೋಡಲೇಬೇಕು. ಗೋಡೆಯ ಬಿರುಕಿನಲ್ಲಿ ಹುಟ್ಟಿದ ಅರಳಿ ಸಸಿಯನ್ನು ಬರೀ ಮೇಲೆ ಕತ್ತರಿಸಿದರೆ ಒಳಗೆ ಬೇರು ದಪ್ಪವಾಗುತ್ತಲೇ ಹೋಗುತ್ತದೆ.

ಇನ್ನು ಸಿಮೆಂಟ್. ಸೋರಿತೆಂದು ಹಳೆಯ ತಾರಸಿಯ ಮೇಲೆಯೇ ಇನ್ನೊಂದು ಪದರ ಹಾಕಿದರೆ ಭಾರ ಹೆಚ್ಚುತ್ತದೆ, ಬಿರುಕಿನಲ್ಲಿ ಇಳಿದ ನೀರು ಒಣಗುವುದಿಲ್ಲ. ಗೋಡೆಗೆ ಮೆತ್ತಿದ ಸಿಮೆಂಟೂ ತೇವವನ್ನು ಒಳಗೇ ಹಿಡಿಯುತ್ತದೆ, ಇಟ್ಟಿಗೆ ಪುಡಿಯಾಗುತ್ತದೆ. ಸುಣ್ಣದ ಗಾರೆಯಾದರೆ ತೇವವನ್ನು ಹೊರಬಿಡುತ್ತದೆ.

ಇಂಥ ಕಟ್ಟಡಗಳನ್ನು ಕೆಡವಿ ಅದೇ ರೂಪದಲ್ಲಿ ಕಟ್ಟೋಣ ಎಂಬ ವಾದ ನನಗೆ ಒಪ್ಪಿಗೆಯಿಲ್ಲ. ಗೋಡೆ ಗಟ್ಟಿಯಿದ್ದರೆ ಅಂಕಣ ಅಂಕಣವಾಗಿ ದುರಸ್ತಿ ಸಾಧ್ಯ. ಮೊದಲು ಆಸರೆ ಕೊಡಬೇಕು, ಆಮೇಲೆ ಮೇಲಿನ ಭಾರ ಇಳಿಸಬೇಕು. ಈ ಕ್ರಮ ತಪ್ಪಿದರೆ ಕೆಲಸದ ನಡುವೆಯೇ ಕುಸಿಯುತ್ತದೆ. ಹೊಸ ತೊಲೆಯ ತುದಿಯ ಸುತ್ತ ಗಾಳಿಯಾಡಲು ಸಂದು ಬಿಡಿ. ಒಂದು ಪಾಲು ಅರಳಿದ ಸುಣ್ಣಕ್ಕೆ ಎರಡರಿಂದ ಮೂರು ಪಾಲು ಮರಳು–ಸುರ್ಕಿ (ಇಟ್ಟಿಗೆ ಪುಡಿ) ಬೆರೆಸಿ, ಗಾಣದಲ್ಲಿ ಅರೆದು, ಕೆಲವು ದಿನ ಕೊಳೆಯಲು ಬಿಡಬೇಕು. ಟೆಂಡರ್‌ನಲ್ಲಿ ಆ ದಿನಗಳನ್ನೂ ಎಣಿಸಿ, ತಾರಸಿ ಕೆಲಸ ಮುಂಗಾರಿಗೆ ಮುಂಚೆ ಮುಗಿಯುವಂತೆ ಕರಾರು ಬರೆಯಿಸಿ.