ಬಿಸಿಲು ಸೀಮೆಯ ರೇಂಜ್‌ಫೈಂಡರ್‌ಗೆ ಹಳೆಯ ವೈಡ್ ಲೆನ್ಸ್: ಏನು ನೋಡಿ ಕೊಳ್ಳಬೇಕು?

[ದೃಶ್ಯ: ಬಳ್ಳಾರಿ ಕೋಟೆ ಗುಡ್ಡ, ನಡು ಮಧ್ಯಾಹ್ನ]

ನಮಸ್ಕಾರ. ಫೆಡ್, ಝೋರ್ಕಿ, ಹಳೆ ಕ್ಯಾನನ್, ಲೈಕಾ, ನಿಮ್ಮ ಕೈಲಿರುವ ಫಿಲ್ಮ್ ರೇಂಜ್‌ಫೈಂಡರ್ (ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ ಎರಡು ಬಿಂಬಗಳನ್ನು ಒಂದಾಗಿಸಿ ಫೋಕಸ್ ಮಾಡುವ ಕ್ಯಾಮೆರಾ) ಯಾವುದೇ ಇರಲಿ, ವೈಡ್ ಲೆನ್ಸ್ ಹುಡುಕುವಾಗ ಕಣ್ಣು ಮೊದಲು ಹೋಗುವುದು ಎಫ್ ಸಂಖ್ಯೆಯ ಮೇಲೆ. ಈ ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಬಿಡುವ ತೆರವು, ಅಂದರೆ ಅಪರ್ಚರ್, ದೊಡ್ಡದು. ಎಫ್/2 ಎಂದಿದ್ದರೆ ಬೆಲೆ ಏರುತ್ತದೆ. ಬಳ್ಳಾರಿ, ರಾಯಚೂರು, ಕೊಪ್ಪಳದ ಬಿಸಿಲಿಗೆ ಆ ದುಡ್ಡು ದಂಡ. ಲೆಕ್ಕ ಹಾಕಿ: 400 ಐಎಸ್‌ಒ ಫಿಲ್ಮ್, ಸುಡುಬಿಸಿಲು, ಎಫ್/16ಕ್ಕೆ ಶಟರ್ 1/500 ಸೆಕೆಂಡ್. ಅದೇ ಬೆಳಕಲ್ಲಿ ಎಫ್/2 ತೆರೆದರೆ 1/32000 ಬೇಕು. ಫೆಡ್-2ರ ಗರಿಷ್ಠ ವೇಗವೇ 1/500. ಎಫ್/2.8, ಎಫ್/3.5 ಧಾರಾಳ ಸಾಕು. ಉಳಿದ ದುಡ್ಡು ನಿಚ್ಚಳ ಗಾಜಿಗೆ ಹೋಗಲಿ.

35 ಮಿ.ಮೀ. ಬೇಕೋ, 28 ಬೇಕೋ?

[ದೃಶ್ಯ: ರಾಯಚೂರು ಕೋಟೆ, ಶಾಸನದ ಬಂಡೆ]

ಇಲ್ಲಿನ 1294ರ ಶಾಸನವಿರುವ ಬಂಡೆ 40 ಅಡಿಗೂ ಉದ್ದ, ಹತ್ತಿರ ಹತ್ತಿರ 12.5 ಮೀಟರ್. ಫಿಲ್ಮಿನ ಒಂದು ಫ್ರೇಮಿನ ಅಗಲ 36 ಮಿ.ಮೀ. ಬಂಡೆಯ ಉದ್ದವನ್ನು ಲೆನ್ಸಿನ ಮಿ.ಮೀ.ಗೆ ಗುಣಿಸಿ 36ರಿಂದ ಭಾಗಿಸಿದರೆ ಎಷ್ಟು ದೂರ ನಿಲ್ಲಬೇಕೆಂದು ಸಿಗುತ್ತದೆ. 50ಕ್ಕೆ ಸುಮಾರು 17.4 ಮೀಟರ್, 35ಕ್ಕೆ 12.2, 28ಕ್ಕೆ 9.7. ನೀವು ಹೆಚ್ಚಾಗಿ ಫೋಟೋ ತೆಗೆಯುವ ಜಾಗದಲ್ಲಿ ಹಿಂದೆ ಸರಿಯಲು ಎಷ್ಟು ಹೆಜ್ಜೆ ಸಿಗುತ್ತದೆ, ಅಳೆದು ನೋಡಿ. ಮೊದಲ ವೈಡ್ ಆದರೆ ನಮ್ಮ ಸಲಹೆ 35. ಫೆಡ್, ಝೋರ್ಕಿಯ ಕಿಂಡಿ ತೋರಿಸುವುದು ಹೆಚ್ಚುಕಮ್ಮಿ 50ರ ನೋಟ ಮಾತ್ರ. ಲೈಕಾ ಎಂ3ರ ಕಿಂಡಿಯಲ್ಲೂ 35ರ ನೋಟದ ಎಲ್ಲೆ ತೋರಿಸುವ ಗೆರೆ ಇಲ್ಲ, ಎಂ2ರಲ್ಲಿ ಇದೆ. ಆದ್ದರಿಂದ ಕ್ಯಾಮೆರಾದ ಮೇಲೆ ಕೂರಿಸುವ ಪ್ರತ್ಯೇಕ ಫೈಂಡರ್‌ನ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ.

[ಹತ್ತಿರದ ದೃಶ್ಯ: ಜುಪಿಟರ್-12, ಹಿಂಬದಿಯಿಂದ]

ಇದು ಸೋವಿಯತ್ ಜುಪಿಟರ್-12, 35 ಮಿ.ಮೀ. ಎಫ್/2.8. ಮೂಲ 1930ರ ದಶಕದ ಜೈಸ್ ಬಯೋಗಾನ್, ಲುಡ್ವಿಗ್ ಬರ್ಟೆಲೆ ವಿನ್ಯಾಸ. ಹಿಂದಿನ ಗಾಜು ನೋಡಿ, ಗೋಲಿಯಂತೆ ಉಬ್ಬಿ ಹೊರಗೇ ನಿಂತಿದೆ. ಹಿಂಬದಿ ಕೆಳಗಾಗಿ ಮೇಜಿನ ಮೇಲಿಟ್ಟರೆ ಗೀರು ಬಿತ್ತೆಂದೇ ತಿಳಿಯಿರಿ. ಮುಂದಿನ ಗಾಜಿನ ಸಣ್ಣ ಗೀರನ್ನು ಕ್ಷಮಿಸಬಹುದು. ಹಿಂದಿನ ಗಾಜು ಫಿಲ್ಮಿಗೆ ತೀರಾ ಹತ್ತಿರವಿರುವುದರಿಂದ ಅಲ್ಲಿಯ ಗೀರು ಚಿತ್ರಕ್ಕೇ ಬರುತ್ತದೆ. ಆಳವಾದ ಹಿಂದಿನ ಮುಚ್ಚಳ ಇಲ್ಲದೆ ಕೊಳ್ಳಬೇಡಿ. ಲೈಕಾ ಎಂ5, ಸಿಎಲ್‌ಗೆ ಇದನ್ನು ಹಾಕಲೇಬೇಡಿ, ಒಳಗಿನ ಮೀಟರ್ ಕಡ್ಡಿಗೆ ತಗಲುತ್ತದೆ. ಕಿಯೆವ್ ಕ್ಯಾಮೆರಾದ ಜುಪಿಟರ್-12 ಬೇರೆ ಮೌಂಟ್, ಅಂದರೆ ಕ್ಯಾಮೆರಾಗೆ ಕೂರುವ ಭಾಗವೇ ಬೇರೆ. ಫೆಡ್, ಝೋರ್ಕಿಗೆ ಬೇಕಾದದ್ದು 39 ಮಿ.ಮೀ. ತಿರುಪಿನದು. ಅಪರ್ಚರ್ ರಿಂಗ್ ಮುಂದಿನ ಗಾಜಿನ ಸುತ್ತಲೇ ಇದೆ, ಕ್ಲಿಕ್ ಇಲ್ಲ. ಫಿಲ್ಟರ್ ಹಾಕುವ ಮೊದಲೇ ಎಫ್ ಸಂಖ್ಯೆ ಹೊಂದಿಸಿಕೊಳ್ಳಿ.

ಬಜೆಟ್ ಹೆಚ್ಚಿದ್ದರೆ ಕ್ಯಾನನ್ 35 ಎಫ್/2.8, ಲೈಟ್ಜ್ ಸುಮಾರಾನ್ 35 ಎಫ್/3.5. ಸುಮಾರಾನ್ ಒಳ್ಳೆಯ ಲೆನ್ಸ್, ಆದರೆ ಒಳಗೆ ಮಂಜು ಕಟ್ಟುವುದು ಅದರ ಹಳೆ ಕಾಯಿಲೆ. ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು, ಮುಂದಿನಿಂದ ಓರೆಯಾಗಿ ನೋಡಿ. ನಾಲ್ಕಾರು ಧೂಳಿನ ಕಣ ಲೆಕ್ಕಕ್ಕಿಲ್ಲ. ಗಾಜಿನ ತುಂಬ ಬೆಳ್ಳಗಿನ ಪರೆ ಕಂಡರೆ ಅದೇ ಮಂಜು. ಕವಲೊಡೆದ ಎಳೆಗಳು ಕಂಡರೆ ಬೂಸು. ಇಟಗಿಯ ಮಹಾದೇವ ದೇಗುಲದ ಕಂಬಗಳ ನಡುವೆ ನಿಂತು, ಹೊರಗಿನ ಬಿಸಿಲೂ ಫ್ರೇಮಿಗೆ ಬಂತೆನ್ನಿ. ಮಂಜು ಕಟ್ಟಿದ ಲೆನ್ಸಲ್ಲಿ ಕಂಬದ ಕಪ್ಪೆಲ್ಲ ಬೂದಿ ಬಣ್ಣಕ್ಕೆ ತಿರುಗುತ್ತದೆ. ಹುಡ್ ಹಾಕಿದರೂ ಅದು ವಾಸಿಯಾಗುವುದಿಲ್ಲ.

ಸಂಡೂರು ಕಡೆಯ ಕೆಂಪು ಅದಿರಿನ ಧೂಳು ಫೋಕಸ್ ರಿಂಗಿಗೆ ಹೊಕ್ಕರೆ ಕರಕರ ಎನ್ನುತ್ತದೆ. ಮೊದಲು ಗಾಳಿ ಊದುವ ಬಲ್ಬ್, ಆಮೇಲೆ ಬ್ರಷ್. ಬಟ್ಟೆಯಿಂದ ಒರೆಸುವುದು ಕೊನೆಗೆ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಲೆನ್ಸ್ ಬಿಡಬೇಡಿ, ಗ್ರೀಸ್ ಕರಗಿ ಅಪರ್ಚರ್ ಎಸಳಿಗೆ ಇಳಿಯುತ್ತದೆ.

ಬೀದಿಯಲ್ಲಿ 35ಕ್ಕೆ ಎಫ್/8, ಫೋಕಸ್ 5 ಮೀಟರ್ ಇಟ್ಟರೆ ಎರಡೂವರೆ ಮೀಟರಿನಿಂದ ಅನಂತದವರೆಗೆ ಸ್ಪಷ್ಟ. ಆದರೆ ಹಾಗೇ ಕುತ್ತಿಗೆಗೆ ತೂಗಿಹಾಕಿಕೊಂಡು ಸೂರ್ಯನಿಗೆ ಎದುರಾಗಬೇಡಿ. ರೇಂಜ್‌ಫೈಂಡರಿನಲ್ಲಿ ಕನ್ನಡಿ ಇಲ್ಲ. ಲೆನ್ಸ್ ಬಿಸಿಲನ್ನು ನೇರ ಬಟ್ಟೆಯ ಶಟರ್ ಪರದೆಯ ಮೇಲೆ ಕೂಡಿಸಿ ತೂತು ಸುಡುತ್ತದೆ. ಬಳಸದಾಗ ಎಫ್/16, ಫೋಕಸ್ 1 ಮೀಟರ್.

[ಹತ್ತಿರದ ದೃಶ್ಯ: ಹಿಂಬಾಗಿಲು ತೆರೆದ ಕ್ಯಾಮೆರಾ]

ಈಗ ಫೋಕಸ್ ಪರೀಕ್ಷೆ. ಫಿಲ್ಮ್ ಹಾಕುವ ಮೊದಲು, ಫಿಲ್ಮ್ ಕೂರುವ ಒಳಗಿನ ಹಳಿಗಳ ಮೇಲೆ ಬೆಳಕು ದಾಟುವ ಮ್ಯಾಟ್ ಟೇಪ್ ಬಿಗಿಯಾಗಿ ಅಂಟಿಸಿ. ಶಟರ್ ಬಿ (ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ತೆರೆದಿರುವ ಸ್ಥಾನ), ಅಪರ್ಚರ್ ಪೂರ್ತಿ ತೆರೆದಿರಲಿ. ಒಂದು ಕಿಲೋಮೀಟರಿಗಿಂತ ದೂರದ ಟವರ್ ಅಥವಾ ಗುಡ್ಡದ ಅಂಚನ್ನು ಟೇಪಿನ ಮೇಲೆ ಭೂತಗನ್ನಡಿ ಹಿಡಿದು ನೋಡಿ, ಆಮೇಲೆ 1 ಮೀಟರಿನ ದಿನಪತ್ರಿಕೆ. ಟೇಪಿನ ಮೇಲೆ ಚಿತ್ರ ಸ್ಪಷ್ಟವಿದ್ದು ಕಿಂಡಿಯ ಎರಡು ಬಿಂಬ ಮಾತ್ರ ಕೂಡದಿದ್ದರೆ 50 ಹಾಕಿ ನೋಡಿ. ಅದರಲ್ಲೂ ಹಾಗೇ ಆದರೆ ದೋಷ ಕ್ಯಾಮೆರಾದ್ದು. ದೂರಕ್ಕೆ ಸರಿ, 1 ಮೀಟರಿಗೆ ತಪ್ಪು ಎಂದಾದರೆ ಲೆನ್ಸಿನ ಕ್ಯಾಮ್‌ಗೂ (ಫೋಕಸ್ ತಿರುಗಿಸಿದಂತೆ ಹಿಂದೆ ಮುಂದೆ ಸರಿಯುವ ಭಾಗ) ಅದು ತಾಗುವ ಕ್ಯಾಮೆರಾದ ಒಳಗಿನ ತೋಳಿಗೂ ಹೊಂದಿಕೆಯಾಗಿಲ್ಲ. ಟೇಪಿನ ಮೇಲೆ ಟವರ್ ಎಷ್ಟು ತಿರುಗಿಸಿದರೂ ಸ್ಪಷ್ಟವಾಗದಿದ್ದರೆ, ಬಹುಶಃ ಯಾರೋ ಬಿಚ್ಚಿ ಜೋಡಿಸುವಾಗ ತಿರುಪಿನ ಆರಂಭ ತಪ್ಪಿಸಿದ್ದಾರೆ. ಅಂಥ ಲೆನ್ಸ್ ವಾಪಸ್ ಕೊಟ್ಟುಬಿಡಿ.